ಸೀತಾಳಿಗೆ ಮಾಡಿದ ಟಚಿಂಗ್

ಯಲ್ಲಾಪುರದ ಬಸ್ ಸ್ಟ್ಯಾಂಡಿನಿಂದ ಇಳಿದು ಬಂದರೆ ನಮ್ಮ ಸ್ಟುಡಿಯೋ. ಬೋರ್ಡಿನ ಮೇಲೆ ನಮ್ಮನೆಯವರ ಹೆಸರು, ವಿಶ್ವೇಶ್ವರ ಹೆಗಡೆ. ಬೋರ್ಡಿನ ಕೆಳಗೆ ಶೋಕೇಸು. ಶೋಕೇಸಿನ ಫೋಟೋದಲ್ಲಿ ವಜ್ರಳ್ಳಿಯ ಸೀತಾ. ನಾನು ಮದುವೆಯಾಗಿ ಬರುವ ಮೊದಲೇ ಅವಳು ಅಲ್ಲಿ ಬಂದು ಕೂತಿದ್ದಳು. ಹೊಸ ಗಿರಾಕಿಗಳು ಅವಳನ್ನು ನೋಡಿ, ಆಮೇಲೆ ಕೌಂಟರಿನಲ್ಲಿದ್ದ ನನ್ನನ್ನು ನೋಡಿ, "ಇದು ನೀವಾ ಅಕ್ಕಾ?" ಎನ್ನುವುದು. ಅಲ್ಲ ಎಂದರೆ "ಓ, ಅದಕ್ಕೇ" ಎನ್ನುವುದು. ಎಂತಕ್ಕೆ ಅದಕ್ಕೇ? ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸೀತಾಳದ್ದು ಗಂಡಿನ ಕಡೆಗೆ ಜಾತಕದ ಜೊತೆ ಕಳಿಸಲು ತೆಗೆಸಿದ ಫೋಟೋ. ಅದು ಹೋದ ಮನೆಯಲ್ಲೇ ಸಂಬಂಧ ಕುದುರಿತಂತೆ. ಆಮೇಲೆ ಹೆಣ್ಣು ಹೆತ್ತವರೆಲ್ಲ "ಸೀತಾಳದ್ದರ ಹಂಗೆ ತೆಗೀರಿ" ಎಂದು ಬರತೊಡಗಿದರಂತೆ. ಇವರ ಅನ್ನ ಅವಳ ಮುಖದಿಂದಲೇ ಹುಟ್ಟಿದ್ದು ಎಂದು ಅತ್ತೆ ನನಗೆ ಹೇಳಿದ್ದೂ ಉಂಟು.

ಎರಡು ಸಾವಿರದ ಏಳರ ಹೊತ್ತಿಗೆ ಊರ ಸ್ಟುಡಿಯೋಗಳಿಗೆಲ್ಲ ಕಂಪ್ಯೂಟರ್ ಬಂದಿತ್ತು. ಹಳೇ ನೆಗೆಟಿವ್‌ಗಳನ್ನು ಅದಕ್ಕೆ ಇಳಿಸಲು ಸ್ಕ್ಯಾನರ್ ಬೇಕೆಂದು ಇವರು ಹುಬ್ಬಳ್ಳಿಗೆ ಹೊರಟರು. ನಾನೂ ಹೊರಟೆ. ಅಂಗಡಿಯಲ್ಲಿ ಎರಡು ಇದ್ದವು. ಒಂದು ಅವಲಕ್ಕಿ ಡಬ್ಬಿಯಷ್ಟು, ಸಣ್ಣ ರೀಲಿನ ಪಟ್ಟಿ ಮಾತ್ರ ನುಂಗುವಂಥದ್ದು. ಇನ್ನೊಂದು ಮಣೆಯ ಹಾಗೆ ಅಗಲ, ಮುಚ್ಚಳದಲ್ಲೇ ದೀಪ.

"ಸಣ್ಣದೇ ಚಲೋ ಬರ್ತೈತ್ರಿ, ಎಲ್ಲಾರೂ ಅದನ್ನ ಒಯ್ತಾರ," ಎಂದ ಅಂಗಡಿಯವನು.

"ಅದನ್ನೇ ತಗಳಿ," ಎಂದೆ ನಾನು.

"ಒನ್ ಟ್ವೆಂಟಿ ಫಿಲ್ಮು ಅದ್ರಲ್ಲಿ ಹಿಡಿತಿಲ್ಲೆ," ಎಂದರು ಇವರು. ಬಗ್ಗಿ ನೋಡುವ ಹಳೇ ಕ್ಯಾಮೆರಾದ ಅಂಗೈಯಗಲದ ನೆಗೆಟಿವ್ ಅದು. ಸೀತಾ ಇದ್ದದ್ದು ಅದರಲ್ಲೇ. ಹಿಡಿಯುವುದಿಲ್ಲ ಎಂದು ಗೊತ್ತಿದ್ದೇ ನಾನು ಹೇಳಿದ್ದು.

"ಕತ್ತರಿಸಿ ಹಾಕಿ. ಮುಖ ಒಂದು ಬಂದ್ರೆ ಸಾಕಲ್ದ?"

ಇವರು ದೊಡ್ಡದನ್ನೇ ಕಟ್ಟಿಸಿದರು. ವಾಪಸು ಬರುವಾಗ ಬಸ್ಸು ಕಿರವತ್ತಿ ದಾಟುವವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಮೊದಲು ಒಳಗೆ ಹೋದದ್ದು ಯಾರೆಂದು ಬೇರೆ ಹೇಳಬೇಕೆ? ದೀಪ ಓಡಿತು, ಪರದೆಯ ತುಂಬ ಸೀತಾ ಬಂದಳು. ಇವರು ಮುಖವನ್ನು ದೊಡ್ಡದು ಮಾಡಿದರು. ಗಲ್ಲದ ಮೇಲೆಲ್ಲ ಕೂದಲೆಳೆಯಂಥ ಬಿಳಿ ಗೀರುಗಳು.

"ಇದೆಂತದು?"

"ಟಚಿಂಗು. ಹುಡುಗಿಗೆ ಸಿಡುಬಿನ ಗುಳಿ ಇತ್ತು. ನೆಗೆಟಿವ್ ಮೇಲೆ ಪೆನ್ಸಿಲ್‌ನಲ್ಲಿ ನಾನೇ ಒಂದೊಂದೇ ತುಂಬಿದ್ದಿ."

ನನಗೆ ಹಾಲು ಕುಡಿದಷ್ಟು ಖುಷಿಯಾಯಿತು. ಇಷ್ಟು ವರ್ಷ ನನ್ನನ್ನು ಉರಿಸಿದ ಚಂದ ಬರೀ ಪೆನ್ಸಿಲ್‌ನ ಸೀಸ. ಆ ಹುರುಪಿನಲ್ಲಿ, "ನನ್ನದೂ ಹಾಕಿ ನೋಡುವಾ," ಎಂದೆ. ಮದುವೆಯಾದ ಹೊಸತರಲ್ಲಿ ನನ್ನನ್ನೂ ಸೀತಾ ಕೂತ ಕುರ್ಚಿಯಲ್ಲೇ ಕೂರಿಸಿ ತೆಗೆದಿದ್ದರು.

ನಾನು ಬಂದೆ. ಮೂಗಿನ ಪಕ್ಕದ ಕಲೆ, ಹಣೆಯ ಮೊಡವೆ, ಎಲ್ಲ ಇದ್ದಲ್ಲೇ ಇದ್ದವು. ಎಷ್ಟು ದೊಡ್ಡದು ಮಾಡಿದರೂ ಒಂದು ಗೀರಿಲ್ಲ.

"ನನಗೆ ಯಾಕೆ ಮಾಡಲಿಲ್ಲ?"

"ನಿಂಗೆ ಬೇಕಾಗಿತ್ತಿಲ್ಲೆ," ಎಂದರು ಇವರು, ಪರದೆಯಿಂದ ಕಣ್ಣು ತೆಗೆಯದೆ.

ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ಕರಗುತ್ತಿದ್ದರೇನೋ. ನನಗೆ ಕಂಡದ್ದು ಇವರು ಅವಳ ಮುಖದ ಮೇಲೆ ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು, ಒಂದೊಂದೇ ಗುಳಿ ತುಂಬುತ್ತ ಕೂತದ್ದು. ನನ್ನ ಮುಖವನ್ನು ಅಷ್ಟು ಹೊತ್ತು ಇವರು ಯಾವತ್ತು ನೋಡಿದ್ದಾರೆ?

"ಈಗ ಮಾಡಿ," ಎಂದೆ. "ಪೆನ್ಸಿಲ್‌ನಲ್ಲೇ."

ಇವರು ನನ್ನನ್ನು ಒಮ್ಮೆ ನೋಡಿದರು. ಎದ್ದು ಹಳೇ ಪೆನ್ಸಿಲ್ ಹುಡುಕಿ ಸೂಜಿಯಂತೆ ಚೂಪು ಮಾಡಿದರು. ಚಾಳೀಸು ಏರಿಸಿ, ನನ್ನ ನೆಗೆಟಿವನ್ನು ಗಾಜಿನ ಮೇಲಿಟ್ಟು ಬಗ್ಗಿದರು. ಪೆನ್ಸಿಲ್‌ನ ತುದಿ ಕಲೆಯ ಆಚೆ ಈಚೆ ನಡುಗಿತು. ಮತ್ತೊಮ್ಮೆ ಇಟ್ಟು ನೋಡಿದರು, ಮತ್ತೂ ನಡುಗಿತು.

"ಆಗ್ತಿಲ್ಲೆ ಮಾರಾಯ್ತಿ. ಕಂಪ್ಯೂಟರಿನಲ್ಲಿ ಮಾಡಿಕೊಡ್ತೆ," ಎಂದು ಪೆನ್ಸಿಲ್ ಕೆಳಗಿಟ್ಟರು.

ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಮಾಡಿಕೊಡುತ್ತಾರೆ. ನಡುಗದ ಆ ಕೈ ಸೀತಾಳ ಪಾಲಿಗೆ ಹೋಗಿ ಆಗಿತ್ತು.