ಕೆಂಚಮ್ಮ ನೋಡಿದ ಟೆನಿಸ್

ಮೊನ್ನೆ ಪಕ್ಕದ ಮನೆಯವರು ನನ್ನೆದುರಿಗೇ ಟೆನಿಸ್ ಚೆಂಡಿನ ಹೊಸ ಡಬ್ಬಿ ತೆರೆದರು. ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಈರಣ್ಣ ಮೇಷ್ಟ್ರು ನೆನಪಾದರು. ನನ್ನ ಆಟ ನೆನಪಾಗಲಿಲ್ಲ. ನೆನಪಿಡುವಂಥದ್ದು ಅದರಲ್ಲೇನೂ ಇರಲಿಲ್ಲ. ಕಾಲೇಜು ತಂಡದಲ್ಲಿ ನಾನು ಬೆಂಚು ಕಾಯ್ದವನು. "ನಿನ್ನ ಕೈಲಿ ರಾಕೆಟ್ಟು ಸೌಟಿನ ಥರ ಕಾಣುತ್ತಪ್ಪ" ಎಂದು ಮೇಷ್ಟ್ರೇ ಹೇಳಿದ್ದರು.

ಮಹಾರಾಜರ ಕಾಲ ಅದು. ನಮಗೆ ಟೆನಿಸ್ ಕಲಿಸುತ್ತಿದ್ದ ಈರಣ್ಣನವರು ಮಧುಗಿರಿ ಹತ್ತಿರದ ಹಳ್ಳಿಯವರು, ಕುರಿ ಸಾಕುವ ಮನೆತನ. ಬೆಂಗಳೂರು ದಂಡಿನ ಕ್ಲಬ್ಬಿನಲ್ಲಿ ಇಂಗ್ಲಿಷ್ ದೊರೆಗಳಿಗೆ ಚೆಂಡು ಹೆಕ್ಕಿಕೊಡುತ್ತಾ ಆಟ ಕಲಿತವರು. ಅವರು ಹೊಡೆದ ಚೆಂಡು ಹೇಳಿದ ಜಾಗಕ್ಕೇ ಹೋಗಿ ಬೀಳುತ್ತಿತ್ತು. ಕೆಲಸ ಮಾತ್ರ ಹಂಗಾಮಿ. ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮಗೆ ಹಿಗ್ಗು, ಅವರಿಗೆ ದಿಗಿಲು.

ಒಂದು ವರ್ಷ ಮಧುಗಿರಿಯ ಅಧಿಕಾರಿಗಳ ಕ್ಲಬ್ಬಿನವರೊಡನೆ ಆಡಲು ಹೋದೆವು. ಅಲ್ಲಿನ ದೊಡ್ಡ ಸಾಹೇಬರು ನಮ್ಮ ಪ್ರಿನ್ಸಿಪಾಲರ ಭಾವ. ಆಟಕ್ಕೆ ಮೊದಲು ಮೇಷ್ಟ್ರು ನಮ್ಮಲ್ಲೆಲ್ಲ ಚೆನ್ನಾಗಿ ಆಡುತ್ತಿದ್ದ ಶ್ರೀಕಂಠನನ್ನು ಪಕ್ಕಕ್ಕೆ ಕರೆದರು. ನಾನು ಅಲ್ಲೇ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೆ.

"ಸಾಹೇಬರನ್ನ ಗೆಲ್ಲೋಕೆ ಬಿಡು."

"ಯಾಕೆ ಸಾರ್?"

"ಪ್ರಿನ್ಸಿಪಾಲರ ಅಪ್ಪಣೆ. ನನ್ನ ಕೆಲಸ ಕಾಯಂ ಆಗೋದೂ ಅದರಲ್ಲೇ ಇದೆ."

ಇಷ್ಟು ಹೇಳುವಾಗ ಅವರು ಹುಡುಗನ ಮುಖ ನೋಡಲಿಲ್ಲ. ಅವನ ರಾಕೆಟ್ಟಿನ ತಂತಿಗಳನ್ನು ಬೆರಳಿನಿಂದ ಸರಿಪಡಿಸುತ್ತಿದ್ದರು.

ಅಂದು ತಮ್ಮ ತಾಯಿ ಬರುತ್ತಾರೆಂದು ಮೇಷ್ಟ್ರಿಗೂ ಗೊತ್ತಿರಲಿಲ್ಲ. ಕೆಂಚಮ್ಮ ಹಳ್ಳಿಯಿಂದ ನಡೆದೇ ಬಂದಿದ್ದರು, ಕಂಕುಳಲ್ಲಿ ರೊಟ್ಟಿಯ ಗಂಟು. "ನನ್ ಮಗ ಪ್ಯಾಟೇಲಿ ಅದೇನ್ ಕಲಿಸ್ತಾನೋ ಒಂದಪ ನೋಡಾನ ಅಂತ ಬಂದೆ ಕಣಪ್ಪ" ಎನ್ನುತ್ತಾ ಬೇಲಿಯ ಪಕ್ಕ ನನ್ನ ಹತ್ತಿರ ಕೂತರು. ಮಗನನ್ನು ಕಂಡು ಅವರ ಮುಖ ಅರಳಿತು. ತಾಯಿಯನ್ನು ಕಂಡ ಮೇಷ್ಟ್ರು ನಿಂತಲ್ಲೇ ನಿಂತುಬಿಟ್ಟರು.

ಆಟ ಶುರುವಾಯಿತು. ಸಾಹೇಬರ ಹೊಟ್ಟೆ ಒಂದು ಕಡೆ ಓಡಿದರೆ ಕಾಲು ಇನ್ನೊಂದು ಕಡೆ. ಆದರೂ ಶ್ರೀಕಂಠನ ಚೆಂಡು ಮತ್ತೆ ಮತ್ತೆ ಬಲೆಗೇ ಹೋಗುತ್ತಿತ್ತು.

"ಅಲ್ ಮಗಾ, ಬಲೆಗ್ ವೊಡುದ್ರೆ ಒಳ್ಳೇದಾ?" ಎಂದು ಕೆಂಚಮ್ಮ ನನ್ನನ್ನು ಕೇಳಿದರು.

"ಇಲ್ಲಮ್ಮ."

"ಮತ್ತೆ ನನ್ ಮಗ ಅದುನ್ನ ಹೇಳ್ಕೊಟ್ಟಿಲ್ವಾ?"

ನಾನು ಬೆಟ್ಟದ ಕಡೆ ನೋಡಿದೆ.

ಸಾಹೇಬರು ಗೆದ್ದರು, ಮೇಷ್ಟ್ರ ಬೆನ್ನು ತಟ್ಟಿದರು. ಆಮೇಲೆ ಹುಣಸೆಮರದ ಕೆಳಗೆ ಕೆಂಚಮ್ಮ ಗಂಟು ಬಿಚ್ಚಿ, ನಮಗೆಲ್ಲ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟರು. ಮಗನ ಕೈಗೆ ಇನ್ನೊಂದು ರೊಟ್ಟಿ ಹಾಕಿ, ತಗ್ಗಿದ ದನಿಯಲ್ಲಿ, "ಬೇಜಾರ್ ಮಾಡ್ಕಬ್ಯಾಡ ಕಣ್ಲಾ ಈರ. ನಿಂಗೆ ಬರಾಕಿಲ್ಲ ಅಂದ್ರೆ ಬುಟ್ಬುಡು. ಊರಿಗ್ ಬಾ. ಕುರಿ ಅವೆ" ಎಂದರು.

ಈ ಕಥೆಯನ್ನು ಎಷ್ಟೋ ಮದುವೆಮನೆಗಳಲ್ಲಿ, ಎಲೆಯಡಿಕೆ ಹಾಕುತ್ತಾ ಕೂತವರಿಗೆ, ಸಾಹೇಬರ ಹೊಟ್ಟೆಯನ್ನು ಅಭಿನಯಿಸಿ ಹೇಳಿದ್ದೇನೆ. "ಕುರಿ ಅವೆ" ಎಂಬಲ್ಲಿಗೆ ನಿಲ್ಲಿಸುತ್ತೇನೆ. ಜನ ಬಿದ್ದು ಬಿದ್ದು ನಗುತ್ತಾರೆ. ಅದರ ಮುಂದಿನದನ್ನು ಯಾರಿಗೂ ಹೇಳಿಲ್ಲ.

ಮೇಷ್ಟ್ರು ಆ ರೊಟ್ಟಿ ತಿನ್ನಲಿಲ್ಲ, "ಊಂ ಕಣವ್ವ" ಎಂದರು, ಅಷ್ಟೆ. ಕೆಲಸ ಕಾಯಂ ಆಯಿತು. ಅವರು ಬಹಳ ವರ್ಷ ಕಲಿಸಿದರು, ಅವರ ಹುಡುಗರು ದೊಡ್ಡ ದೊಡ್ಡ ಪಂದ್ಯ ಗೆದ್ದರು. ಕೆಂಚಮ್ಮ ಅದೊಂದನ್ನೂ ನೋಡಲಿಲ್ಲ, ಮರುವರ್ಷವೇ ತೀರಿಕೊಂಡಿದ್ದರು. ನಾನು ಮಾತನಾಡಿಸಿಕೊಂಡು ಬರಲು ಹೋದಾಗ ಮೇಷ್ಟ್ರು ತಲೆ ಬೋಳಿಸಿಕೊಂಡು ಕೂತಿದ್ದರು.

"ಶ್ರೀಕಂಠನಿಗೆ ಆಟ ಬರ್ತಿತ್ತು ಅಂತ ಅವ್ವಂಗೆ ಹೇಳೋಣ ಅಂತ ಎಷ್ಟೋ ಸಲ ಊರಿಗೆ ಹೋದೆ" ಎಂದರು. "ಅಷ್ಟು ಹೇಳಿದ್ರೆ, ಬೇಕೂಂತ ಸೋಲೋಕೆ ಹೇಳಿದ್ದು ನಾನೇ ಅಂತಲೂ ಹೇಳಬೇಕಾಗಿತ್ತಲ್ಲ. ಕೊನೇಗೂ ನನ್ನ ಮಗ ದಡ್ಡ ಅಂದ್ಕೊಂಡೇ ಹೋದಳು. ಅದೇ ಮೇಲು ಅನ್ನಿಸಿಬಿಡ್ತು ನನಗೆ, ನೋಡು."

ನಿಮ್ಮನ್ನೂ ನಗಿಸೋಣವೆಂದೇ ಬರೆಯಲು ಕೂತವನು ನಾನು. ಇನ್ನು ಯಾವ ಮದುವೆಮನೆಯಲ್ಲಿ ಯಾರು ಕೇಳಿದರೂ ಇದನ್ನು ಇಷ್ಟೂ ಹೇಳಬೇಕು. ಇಲ್ಲವೆಂದರೆ ಊಟ ಮಾಡಿ ಸುಮ್ಮನೆ ಎದ್ದು ಬರಬೇಕು.