ಹೆಬ್ಬೆರಳಕ್ಕ ಒತ್ತಿ ನೋಡದ ಶೂ

ಶೂ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಹೆಬ್ಬೆರಳಕ್ಕ ಎಂದೇ ಕರೆಯುತ್ತಿದ್ದರು. ಮಕ್ಕಳ ವಿಭಾಗ ಅವಳದು. ಮಗುವಿಗೆ ಶೂ ತೊಡಿಸಿ, ಎದ್ದು ನಿಲ್ಲಿಸಿ, ಎದುರಿಗೆ ಮಂಡಿಯೂರಿ, ಶೂವಿನ ತುದಿಯ ಮೇಲೆ ಹೆಬ್ಬೆರಳಿಟ್ಟು ಒತ್ತುವಳು. ಒಳಗೆ ಬೆರಳು ಮುಗಿದ ಮೇಲೂ ಒಂದಿಷ್ಟು ಜಾಗ ಉಳಿದಿದ್ದರೆ ಸರಿ. ಇಲ್ಲದಿದ್ದರೆ ಅಪ್ಪ ಅಮ್ಮ ತಲೆಕೆಳಗಾಗಿ ನಿಂತರೂ ಆ ಜೋಡಿ ಅವಳ ಕೈಯಿಂದ ಮಾರಾಟವಾಗುತ್ತಿರಲಿಲ್ಲ. ಮಕ್ಕಳ ಮಾತನ್ನಂತೂ ಅವಳು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಮನಸ್ಸಿಗೆ ಹಿಡಿಸಿದ ಶೂ ಕಾಲಲ್ಲಿದ್ದರೆ, ಬೆರಳು ನಜ್ಜುಗುಜ್ಜಾಗುತ್ತಿದ್ದರೂ ಮಕ್ಕಳು ಸರಿಯಾಗಿದೆ ಎಂದೇ ಹೇಳುತ್ತವೆ ಎನ್ನುವುದು ಅವಳಿಗೆ ಗೊತ್ತಿತ್ತು.

ಮಗುವನ್ನು ಮನೆಯಲ್ಲಿ ಬಿಟ್ಟು ಶೂ ಕೊಳ್ಳಲು ಬರುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. "ಮಗೂನ ಕರ್ಕೊಂಡ್ ಬನ್ನಿ ಸಾರ್. ಕಾಲನ್ನ ಮನೇಲಿಟ್ಟು ಶೂ ತಗೊಂಡ್ರೆ, ಆಮೇಲೆ ಶೂನೂ ಮನೇಲೇ ಇರುತ್ತೆ" ಎನ್ನುವಳು. ಬಂದ ಗಿರಾಕಿಯನ್ನು ಹೀಗೆ ಅಟ್ಟುತ್ತಾಳಲ್ಲ ಎಂದು ಮಾಲೀಕ ಹಲ್ಲು ಕಡಿಯುತ್ತಿದ್ದ. ಆದರೆ ಅವಳು ಮಾರಿದ ಶೂ ವಾಪಸು ಬಂದದ್ದು ಅವನೂ ನೋಡಿರಲಿಲ್ಲ, ಹಾಗಾಗಿ ಬಾಯಿ ಮುಚ್ಚಿಕೊಂಡಿರುತ್ತಿದ್ದ.

ಇಂಥವಳು ಸ್ವಂತ ಮಗಳಿಗೆ ಕಾಲು ನೋಡದೆ ಶೂ ಕೊಂಡಳು.

ಮಗಳು ಇದ್ದದ್ದು ಬೇರೆ ಊರಿನಲ್ಲಿ, ಅಪ್ಪನ ಹತ್ತಿರ, ಅವನ ಎರಡನೆಯ ಹೆಂಡತಿಯ ಮನೆಯಲ್ಲಿ. ಗಂಡ ಹೆಂಡಿರು ಬೇರೆಯಾದಾಗ ಇವಳಿಗೆ ತಲೆಯ ಮೇಲೊಂದು ಸೂರಿರಲಿಲ್ಲ, ಕೈಯಲ್ಲಿ ಕೆಲಸವೂ ಇರಲಿಲ್ಲ. ಮಗಳು ಅಪ್ಪನ ಪಾಲಾದಳು. ವರ್ಷದ ಕೊನೆಯ ರಜೆಯಲ್ಲಿ ಒಂದು ದಿನ ಮಾತ್ರ ಅವನು ಅವಳನ್ನು ಬೆಳಗಿನ ಬಸ್ಸಿಗೆ ಕರೆತಂದು ಬಿಟ್ಟು, ಸಂಜೆಯ ಬಸ್ಸಿಗೆ ಕರೆದುಕೊಂಡು ಹೋಗುತ್ತಿದ್ದ. ಆ ಒಂದು ದಿನಕ್ಕಾಗಿ ಇವಳು ವರ್ಷವಿಡೀ ಹೊಟ್ಟೆ ಬಟ್ಟೆ ಕಟ್ಟುತ್ತಿದ್ದಳು. ಮಧ್ಯಾಹ್ನದ ಚಹಾ ಬಿಟ್ಟಳು. ಅಂಗಡಿಗೆ ಬಸ್ಸು ಬಿಟ್ಟು ನಡೆದೇ ಬರತೊಡಗಿದಳು. ಉಡುಗೊರೆ ಮಗಳೊಬ್ಬಳಿಗೆ ತಂದರೆ ಸಾಲದು. ಆ ಮನೆಯ ಚಿಕ್ಕ ಕೂಸಿಗೊಂದು ಗೊಂಬೆ, ಅದರ ತಾಯಿಗೊಂದು ಕೈಚೀಲ ಆಗಲೇಬೇಕು. ಇಲ್ಲದಿದ್ದರೆ ಅಲ್ಲಿ ಮುಖಗಳು ಊದಿಕೊಳ್ಳುತ್ತವೆ, ಅದರ ಬಿಸಿ ತಟ್ಟುವುದು ಮಗಳಿಗೆ.

ಹಿಂದಿನ ವರ್ಷ ಬಂದಾಗ ಮಗಳು ಅಂಗಡಿಯ ಗಾಜಿನೊಳಗಿದ್ದ ಕಡುಗೆಂಪು ಶೂಗಳ ಮುಂದೆ ನಿಂತುಬಿಟ್ಟಿದ್ದಳು. ಬೇಕು ಎನ್ನಲಿಲ್ಲ. ಆ ಹುಡುಗಿ ಬೇಕು ಎಂದು ಬಾಯಿಬಿಟ್ಟು ಕೇಳುವುದನ್ನೇ ಮರೆತಿದ್ದಳು. ಆ ಶೂ ಕೊಡಿಸಿಯೇ ತೀರುತ್ತೇನೆ ಎಂದು ತಾಯಿ ಅಂದೇ ಹಠ ತೊಟ್ಟಳು.

ರಜೆಯ ಹೊತ್ತಿಗೆ ಅದರ ಬೆಲೆ ಮುಟ್ಟುವ ಹಾಗಿರುವುದಿಲ್ಲ, ಆಗ ಕೆಲಸದವರಿಗೂ ರಿಯಾಯಿತಿ ಇಲ್ಲ. ವರ್ಷದ ನಡುವೆ ಹಳೇ ಮಾಲು ಖಾಲಿ ಮಾಡುವ ಸೇಲಿನಲ್ಲಿ ಅರ್ಧ ಬೆಲೆಗೆ ಸಿಗುತ್ತದೆ. ಆದರೆ ಸೇಲಿನ ಮಾಲು ವಾಪಸು ತೆಗೆದುಕೊಳ್ಳುವುದಿಲ್ಲ, ಬದಲಾಯಿಸುವುದೂ ಇಲ್ಲ. ಅದನ್ನು ಗಿರಾಕಿಗಳಿಗೆ ಹೇಳಿ ಹೇಳಿ ಅವಳ ನಾಲಿಗೆಯೇ ಸವೆದಿತ್ತು. ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಹಿಡಿದುಕೊಳ್ಳಿ ಎಂದು ಮಾಲೀಕನನ್ನು ಒಪ್ಪಿಸಿ, ಹಿಂದಿನ ವರ್ಷದ ಅಳತೆಗೆ ಒಂದು ನಂಬರು ಸೇರಿಸಿ, ಡಬ್ಬಿ ಮನೆಗೆ ತಂದು ಮಂಚದ ಕೆಳಗಿಟ್ಟಳು.

ಫೋನು ಮಾಡಿ ಅಳತೆ ಕೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮಾಲೀಕನೂ ಅದನ್ನೇ ಕೇಳಿದ್ದ. ಆ ಮನೆಯಲ್ಲಿ ಫೋನು ಎತ್ತುವುದು ಅವಳೇ, ಎರಡನೆಯವಳು. ಊರ ಮಕ್ಕಳ ಕಾಲಿನ ಅಳತೆ ಬಲ್ಲವಳು, ಹೆತ್ತ ಮಗಳ ಅಳತೆಯನ್ನು ಆ ಹೆಂಗಸಿನ ಬಾಯಿಂದ ಕೇಳಿ ತಿಳಿಯಬೇಕೇ? ಅದೊಂದು ಬಿಗುಮಾನಕ್ಕೆ ಅವಳು ಫೋನು ಮುಟ್ಟಲಿಲ್ಲ.

ರಜೆ ಬಂತು. ಮಗಳು ಬಂದಳು. ಉದ್ದಕ್ಕೆ ಬೆಳೆದುಬಿಟ್ಟಿದ್ದಳು, ಕೈಗಳು ಅಂಗಿಯ ತೋಳು ಮೀರಿ ಹೊರಗೆ ಬಂದಿದ್ದವು. ಬಾಗಿಲಲ್ಲಿ ಬಿಟ್ಟ ಅವಳ ರಬ್ಬರ್ ಚಪ್ಪಲಿ ಹಿಮ್ಮಡಿಯ ಕಡೆ ಸವೆದು ಹಾಳೆಯಾಗಿತ್ತು. ಹಿಮ್ಮಡಿ ಅದರಿಂದಾಚೆ ಜೋತಾಡುತ್ತಿತ್ತೆಂದು ನೋಡಿದರೇ ತಿಳಿಯುತ್ತಿತ್ತು. ತಾಯಿಗೆ ಕೋಪ ನೆತ್ತಿಗೇರಿತು.

"ಇದೇನು ಚಪ್ಪಲಿ ಇದು? ಕಾಲು ಇಷ್ಟುದ್ದ ಹೊರಗೆ ಬಂದ್ರೂ ಆ ಮನೇಲಿ ಒಬ್ರಿಗೂ ಕಣ್ಣು ಕಾಣಲ್ವಾ?"

"ಇರ್ಲಿ ಬಿಡಮ್ಮ, ನಡೆಯುತ್ತೆ" ಎಂದಳು ಮಗಳು.

ತಾಯಿ ಆ ಚಪ್ಪಲಿಯನ್ನು ಎತ್ತಿ ಬೀದಿಯ ಕಸದ ತೊಟ್ಟಿಗೆ ಎಸೆದು ಬಂದಳು. ಎಷ್ಟೋ ದಿನದ ಸಿಟ್ಟು ಅದರ ಜೊತೆಗೆ ಹೋಯಿತು. ಆ ಚಪ್ಪಲಿ ಆ ಹೆಂಗಸನ್ನು ಬೈಯಲು ಅವಳಿಗೆ ನೆರವಾಯಿತೇ ಹೊರತು, ಅಳತೆ ನೋಡಲು ನೆರವಾಗಲಿಲ್ಲ. ಆಮೇಲೆ ಮಂಚದ ಕೆಳಗಿಂದ ಡಬ್ಬಿ ಎಳೆದಳು.

ಮಗಳ ಮುಖ ಅರಳಿತು. ಹೊಸ ಕಾಲುಚೀಲ ಹಾಕಿಕೊಂಡು ಕಾಲು ತೂರಿಸಿದಳು. ಹಿಮ್ಮಡಿ ಒಳಗೆ ಹೋಗಲು ನೆಲವನ್ನು ಒಮ್ಮೆ ಒದೆಯಬೇಕಾಯಿತು.

"ಸರಿಯಾಗಿದೆಯಾ?"

"ಸರಿಯಾಗಿದೆಯಮ್ಮ. ತುಂಬಾ ಚೆನ್ನಾಗಿದೆ."

ಹೆಬ್ಬೆರಳಕ್ಕ ಅಭ್ಯಾಸಬಲದಿಂದ ಮಂಡಿಯೂರಿದ್ದಳು. ಹೆಬ್ಬೆರಳು ಶೂವಿನ ತುದಿಯ ಹತ್ತಿರ ಹೋಗಿತ್ತು. ಒತ್ತಲಿಲ್ಲ. ಒತ್ತಿದರೆ ತಿಳಿಯುತ್ತದೆ, ತಿಳಿದರೆ ಮಾಡುವುದೇನು? ಬದಲಾಯಿಸುವ ಹಾಗಿಲ್ಲ, ಇನ್ನೊಂದು ಕೊಳ್ಳಲು ಗತಿಯಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಂಡು ಎದ್ದಳು. "ನಡಿ, ಊರೆಲ್ಲ ತೋರಿಸ್ತೀನಿ" ಎಂದಳು.

ಆ ದಿನದ ಖರ್ಚನ್ನೂ ಅವಳು ಮೊದಲೇ ಲೆಕ್ಕ ಹಾಕಿದ್ದಳು. ದುಡ್ಡು ಐಸ್‌ಕ್ರೀಮಿಗೆ, ಉದ್ಯಾನದ ಉಯ್ಯಾಲೆಯ ಚೀಟಿಗೆ, ಉಳಿದದ್ದೆಲ್ಲ ಕಾಲ್ನಡಿಗೆ. ಅಂಗಡಿ ಬೀದಿಯ ದೀಪಗಳ ಕೆಳಗೆ ಜನ ತುಂಬಿ ತುಳುಕುತ್ತಿದ್ದರು. ಮಗಳು ಪ್ರತಿ ತಿರುವಿನಲ್ಲೂ ಕೂರಲು ಜಾಗ ಹುಡುಕುತ್ತಿದ್ದಳು. ಕೇಳಿದ್ದಕ್ಕೆ ಹೂಂ, ಉಹೂಂ. ಉಯ್ಯಾಲೆಯೂ ಬೇಡ ಎಂದಳು. ಇವಳಿಗೆ ನಾನು ಬೇಡವಾಗಿದ್ದೇನೆ, ಅಲ್ಲಿಯವರೇ ಹತ್ತಿರದವರಾಗಿದ್ದಾರೆ ಎಂದು ತಾಯಿ ಅಂದುಕೊಂಡಳು.

"ಅಮ್ಮ, ಸ್ವಲ್ಪ ಕೂತ್ಕೊಳ್ಳೋಣ?"

"ಮತ್ತೆ ಕೂರೋದಾ? ನನ್ನ ಜೊತೆ ಒಂದಿನ ಓಡಾಡೋಕೂ ನಿಂಗೆ ಬೇಜಾರಾ? ನಾನು ವರ್ಷವೆಲ್ಲ ಕಾಯ್ತೀನಲ್ಲೇ!"

ಹುಡುಗಿ ಎದ್ದಳು. ಆಮೇಲೆ ಕೂರೋಣ ಎನ್ನಲೇ ಇಲ್ಲ. ಬಸ್ ನಿಲ್ದಾಣದವರೆಗೂ ತುಟಿ ಕಚ್ಚಿಕೊಂಡು ತಾಯಿಯ ಪಕ್ಕದಲ್ಲೇ ನಡೆದಳು.

ನಿಲ್ದಾಣದ ಮೆಟ್ಟಿಲು ಹತ್ತುವಾಗ ಅವಳು ಕಾಲಿನ ಅಂಚಿನ ಮೇಲೆ ಹೆಜ್ಜೆಯಿಡುವುದು ತಾಯಿಯ ಕಣ್ಣಿಗೆ ಬಿತ್ತು. ಅಂಗಡಿಯಲ್ಲಿ ಬಿಗಿ ಶೂ ತೊಟ್ಟ ಮಕ್ಕಳನ್ನು ದಿನವೂ ನೋಡುವ ತಾಯಿಗೆ ಆ ನಡಿಗೆ ಹೊಸದಲ್ಲ. ಮಗಳನ್ನು ಬೆಂಚಿನ ಮೇಲೆ ಕೂರಿಸಿ ಶೂ ಕಳಚಿದಳು. ಹಿಮ್ಮಡಿಯ ಚರ್ಮ ಸುಲಿದು ಕಾಲುಚೀಲ ರಕ್ತಕ್ಕೆ ಅಂಟಿಕೊಂಡಿತ್ತು. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು.

"ಯಾಕೆ ಹೇಳಲಿಲ್ಲ?"

"ನೀನು ಅಷ್ಟು ಖುಷಿಯಾಗಿದ್ದೆ" ಎಂದು ಹುಡುಗಿ ಅಳತೊಡಗಿದಳು.

ಅಷ್ಟರಲ್ಲಿ ಅಪ್ಪ ಬಂದ. ಕಾಲು ನೋಡಿದ, ಶೂ ನೋಡಿದ. ಅವನು ಕೂಗಾಡುವವನಲ್ಲ. "ಶೂ ಅಂಗಡೀಲಿ ಕೆಲಸ ಬೇರೆ" ಎಂದ. ಆಮೇಲೆ, "ಅವಳ ಚಪ್ಪಲಿ ಎಲ್ಲಿ?"

ಚಪ್ಪಲಿ ಕಸದ ತೊಟ್ಟಿಯಲ್ಲಿತ್ತು. ತಾಯಿ ತನ್ನ ಕಾಲಿನ ಚಪ್ಪಲಿಯನ್ನೇ ಬಿಚ್ಚಿ ಮಗಳ ಮುಂದಿಟ್ಟಳು. ದೊಡ್ಡದಾಗುತ್ತದೆ, ಆದರೂ ಮನೆ ಮುಟ್ಟಿಸುತ್ತದೆ ಎಂದುಕೊಂಡಳು. ಹುಡುಗಿ ಪಾದ ಇಟ್ಟಳು. ಹಿಮ್ಮಡಿ ಹಿಂದಿನ ಅಂಚಿಗೆ, ಬೆರಳು ಮುಂದಿನ ಅಂಚಿಗೆ, ಒಂದಿಷ್ಟೂ ಹೆಚ್ಚು ಕಡಿಮೆಯಿಲ್ಲದೆ ಕೂತವು. ಮಗಳ ಕಾಲು ತನ್ನ ಕಾಲಿನಷ್ಟೇ ಆಗಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ.

"ಮುಂದಿನ ವರ್ಷ ಯಾವ ದಿನ ಕರ್ಕೊಂಡ್ ಬರ್ತೀರಾ?" ಎಂದು ತಾಯಿ ಬಸ್ಸಿನ ಬಾಗಿಲಲ್ಲಿ ಅವನನ್ನು ಕೇಳಿದಳು.

"ನೋಡೋಣ" ಎಂದ ಅವನು. ಜೊತೆಗಿದ್ದ ವರ್ಷಗಳಲ್ಲಿ ಅವನು ನೋಡೋಣ ಎಂದದ್ದು ಒಂದೂ ಆಗಿರಲಿಲ್ಲ. ಬಸ್ಸು ಹೊರಟಿತು. ಗೊಂಬೆ, ಕೈಚೀಲ ಎರಡೂ ಬಸ್ಸಿನಲ್ಲಿ ಹೋದವು. ಅವಳು ಕೆಂಪು ಶೂಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬರಿಗಾಲಲ್ಲಿ ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಕಾಲಿಗೆ ಸ್ನಾನದ ಮನೆಯ ಚಪ್ಪಲಿ ಸಿಕ್ಕಿಸಿಕೊಂಡು ಅಂಗಡಿಗೆ ಬಂದ ಅವಳನ್ನು ಕಂಡು ಮಾಲೀಕನಿಗೆ ಅರ್ಧ ವಿಷಯ ಅರ್ಥವಾಯಿತು.

"ಶೂ ವಾಪಸು ಕೇಳ್ಬೇಡಮ್ಮ, ಸೇಲ್ ಮಾಲು" ಎಂದ.

"ಕೇಳಲ್ಲ ಸಾರ್. ಹೆಂಗಸರ ಕಡೆ ಒಂದು ಜೋಡಿ ಕೆಂಪು ಶೂ ಇದೆಯಲ್ಲ, ನನ್ನ ನಂಬರಿಂದು, ಮಗಳದೂ ಈಗ ಅದೇ ನಂಬರು, ಅದನ್ನ ತೆಗೆದಿಡಿ. ಸಂಬಳದಲ್ಲಿ ಹಿಡ್ಕೊಳ್ಳಿ."

ಅವನು ಅವಳ ಮುಖವನ್ನೇ ನೋಡಿದ. "ಮುಂದಿನ ವರ್ಷ ಮಗಳು ಬರ್ತಾಳಾ?"

"ಗೊತ್ತಿಲ್ಲ ಸಾರ್" ಎಂದಳು ಹೆಬ್ಬೆರಳಕ್ಕ. "ನೀವು ಹಿಡ್ಕೊಳ್ತಾ ಇರಿ."