ಎರೆಹೊಲದ ಮೇಲೆ ಹಾಸಿದ ನಡೆಮಡಿ

ಬಚ್ಚಲುಮನೆಯ ಗೋಡೆಗೆ ಸವಳು ಹತ್ತಿದೆ. ಸುಣ್ಣ ಬಳಿದು ಇನ್ನೂ ವರ್ಷ ತುಂಬಿಲ್ಲ, ಆಗಲೇ ಬುಡದಲ್ಲಿ ಬೆಳ್ಳಗೆ ಹಿಟ್ಟಿನಂತೆ ಉಬ್ಬಿ ಉದುರುತ್ತಿದೆ. ಗೌಂಡಿ ಬಂದು ನೋಡಿ, ಇಟ್ಟಂಗಿಯ ಮಣ್ಣೇ ಕೆಟ್ಟದ್ದು ಎಂದು ಹೇಳಿ, ಚಹಾ ಕುಡಿದು ಹೋದ. ಅವನು ಹೋದ ಮೇಲೆ ಉಗುರಿನಿಂದ ಒಂದಿಷ್ಟು ಕೆರೆದು ಮೂಗಿಗೆ ಹಿಡಿದೆ. ಈ ವಯಸ್ಸಿನಲ್ಲಿ ಇದೆಂಥ ಚಟ ಎಂದು ಸೊಸೆ ನಕ್ಕಳು. ಚಟವಲ್ಲ... ಹಸಿ ಸವಳಿನ ಆ ಒಗರು ವಾಸನೆ ಬಂದರೆ ನನಗೆ ಹಳ್ಳದ ದಂಡೆ ಕಾಣುತ್ತದೆ, ಸವಳುಮಣ್ಣು ಹಾಕಿ ಬಟ್ಟೆ ಬೇಯಿಸುವ ಉಬ್ಬೆಯ ಒಲೆ ಕಾಣುತ್ತದೆ, ಅದರ ಮುಂದೆ ಸೆರಗು ಬಿಗಿದು ನಿಂತ ಮಡಿವಾಳರ ಅಕ್ಕ ಕಾಣುತ್ತಾಳೆ.

ನಾನು ತಿಳವಳ್ಳಿಯ ಕಡೆಯವಳು. ಶಿಗ್ಗಾಂವಿಗೂ ಸವಣೂರಿಗೂ ನಡುವಿನ ಒಂದು ಊರಿಗೆ ಸೊಸೆಯಾಗಿ ಬಂದಾಗ ಬ್ರಿಟಿಷರ ಕಾಲ, ಎರಡನೆಯ ದೊಡ್ಡ ಯುದ್ಧ ನಡೆಯುತ್ತಿತ್ತು. ಮಾವನವರು ಪುರಾಣ ಹೇಳುವವರು, ನಮ್ಮವರು ಶಾಲೆಯ ಮಾಸ್ತರರು, ಅತ್ತೆಯವರು ಮಡಿಯ ಅವತಾರ. ಅಕ್ಕ ಹಾಲಿನಂತೆ ಮಾಡಿ ತಂದುಕೊಟ್ಟ ಬಟ್ಟೆಯನ್ನು ಅತ್ತೆ ಅವಳ ಕಣ್ಣೆದುರಿಗೇ ಮತ್ತೆ ನೀರಿಗೆ ಅದ್ದುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅಕ್ಕ ಮಾತ್ರ ನಗುತ್ತಿದ್ದಳು.

"ಒಗದದ್ದನ್ನ ಮತ್ತ ಒಗದ್ರ ಅರಿವಿ ಸವೀತೈತಿ ಅಷ್ಟಽ, ಹೊಲಸಂತೂ ಆಗೂದಿಲ್ಲ. ಬಿಡ್ರಿ ಬಾಯಾರ," ಎನ್ನುತ್ತಿದ್ದಳು ನನಗೆ.

ಅವಳ ಮನೆ ನಮ್ಮ ಹಿತ್ತಲಿನ ಆಚೆಗೇ ಇತ್ತು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಇದ್ದೊಬ್ಬ ಮಗ ತಾಯಿಯ ಜೊತೆ ಜಗಳಾಡಿ ಪಲ್ಟನ್ನು ಸೇರಿದ್ದ. ಬಂದೂಕು ಹಿಡಿಯಲಿಕ್ಕಲ್ಲ, ಸಿಪಾಯಿಗಳ ಬಟ್ಟೆ ಒಗೆಯಲಿಕ್ಕೆ. ಎಲ್ಲಿದ್ದಾನೆ, ಹೇಗಿದ್ದಾನೆ ಎಂಬ ಸುದ್ದಿ ಬರುವುದು ಅಪರೂಪ. ಯಾವ ಮಾತಿಗೆ ಜಗಳವಾಯಿತು ಎಂದು ಅವಳು ಹೇಳಲಿಲ್ಲ, ನಾನೂ ಕೆದಕಲಿಲ್ಲ. ಅವಳ ಅಂಗಳದ ಮುಂದೆ ಹಾದವರನ್ನು ಆಕೆ ಸುಮ್ಮನೆ ಬಿಟ್ಟವಳಲ್ಲ. "ಬರ್ರಿ, ಕುಂತ್ರಿ" ಎಂದು ದಾರಿಹೋಕರನ್ನೂ ಕೂಗಿ ಕರೆಯುವಳು. ತನ್ನ ಕತ್ತೆಯನ್ನು ಕೂಡ "ಬಾರವ್ವಾ" ಎಂದೇ ಕರೆಯುತ್ತಿದ್ದಳು. ಕತ್ತೆಗೆ ಇಷ್ಟು ಮರ್ಯಾದೆ, ಸೊಸೆಗೆ ಇಲ್ಲ ಎಂದು ನಾನು ನಮ್ಮ ಮನೆಯ ಕಡೆ ನೋಡಿ ಹೇಳಿದರೆ ಬಾಯಿಗೆ ಸೆರಗು ಒತ್ತಿಕೊಂಡು ನಗುವಳು.

ಊರಲ್ಲಿ ಅವಳಿಗೆ ಒಂದೇ ಒಂದು ದೊಡ್ಡಸ್ತಿಕೆ ಇತ್ತು. ಅದು ನಡೆಮಡಿಯ ಹಕ್ಕು. ದೇವರ ಪಲ್ಲಕ್ಕಿಯೇ ಬರಲಿ, ಸ್ವಾಮಿಗಳೇ ಬರಲಿ, ಮದುಮಕ್ಕಳೇ ಬರಲಿ, ಅವರ ಕಾಲು ಬರಿ ನೆಲಕ್ಕೆ ಸೋಕಬಾರದೆಂದು ಮುಂದೆ ಬಿಳಿಯ ಮಡಿಬಟ್ಟೆ ಹಾಸುವುದು ಮಡಿವಾಳರ ಕೆಲಸ. ಎರಡು ಮೂರು ಧೋತರವಿದ್ದರೆ ಸಾಕು. ತುಳಿದು ಮುಂದೆ ಹೋದಂತೆ ಹಿಂದಿನದನ್ನು ಎತ್ತಿ ಮತ್ತೆ ಮುಂದಕ್ಕೆ ಹಾಸುತ್ತ ಹೋಗುತ್ತಾರೆ. ಗಂಡ ಸತ್ತವಳು ಹಾಸಬಾರದು ಎಂದು ಅವಳ ದಾಯಾದಿಗಳು ತಕರಾರು ತೆಗೆದಾಗ, "ಮಗಾ ಬರೂತನಕಾ ನಾನಽ ಹಾಸ್ತೇನಿ. ಹಾಸಿದಾಕಿ ಮುತ್ತೈದಿ ಹೌದೋ ಅಲ್ಲೋ ಅಂತ ಅರಿವಿಗೇನ್ ಗೊತ್ತು?" ಎಂದು ಅವರ ಬಾಯಿ ಮುಚ್ಚಿಸಿದ್ದಳು. ಮಗ ಬಂದ ಮೇಲೆ ಅವನ ಕೈಗೆ ಆ ಹಕ್ಕನ್ನು ಒಪ್ಪಿಸಬೇಕೆಂಬುದೊಂದೇ ಅವಳ ಆಸೆ.

ಊರ ಹೊರಗೆ, ದನ ಮೇಯುವ, ಗಟ್ಟಿ ಗರಸುಮಣ್ಣಿನ ಬಯಲನ್ನು ಯುದ್ಧದ ಕಾಲಕ್ಕೆ ಸರಕಾರದವರು ಸಮ ಮಾಡಿಸಿ, ತೊಂದರೆಗೆ ಸಿಕ್ಕ ವಿಮಾನ ಇಳಿಯಲೆಂದು ಇಟ್ಟಿದ್ದರು. ಅದನ್ನು ಕಾಯಲು ಒಬ್ಬ ಮುದಿ ಹವಾಲ್ದಾರನಿದ್ದ. ಘಟ್ಟದ ಮೇಲಿನ ಮರಾಠಿ ಮನುಷ್ಯ, ಕನ್ನಡ ಅಷ್ಟಕ್ಕಷ್ಟೇ. ವಿಮಾನದಲ್ಲಿದ್ದವರ ಜೊತೆ ಮಾತಾಡುವ ಯಂತ್ರ ಗಿಂತ್ರ ಅವನಲ್ಲಿ ಇರಲಿಲ್ಲ. ಹಸಿ ಹುಲ್ಲಿಗೆ ಬೆಂಕಿಯಿಟ್ಟು ಹೊಗೆ ಎಬ್ಬಿಸಿದರೆ ಗಾಳಿ ಎತ್ತಣದ್ದು ಎಂದು ಮೇಲಿನವನಿಗೆ ತಿಳಿಯುತ್ತಿತ್ತು. ಬಿಳಿಯ ಪಟ್ಟಿ ಹಾಸಿದರೆ ಇಲ್ಲಿ ಇಳಿ ಎಂದು. ಕೆಂಪು ಬಾವುಟ ಬೀಸಿದರೆ ಇಳಿಯಬೇಡ ಎಂದು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಆಗ ಅವನನ್ನು ಕೇಳಿದವರೂ ಇಲ್ಲ, ಅವನು ಹೇಳಿದ್ದೂ ಇಲ್ಲ. ಬಯಲಲ್ಲಿ ಒಬ್ಬನೇ ಹೊಗೆ ಹಾಕಿಕೊಂಡು ಕೂರುವ ಅವನಿಗೆ ತಲೆ ಕೆಟ್ಟಿದೆ ಎಂದೇ ಊರು ತಿಳಿದಿತ್ತು.

ಒಂದು ವರ್ಷ, ಚಿತ್ತಿ ಮಳೆ ಮುಗಿದು ಹಿಂಗಾರಿ ಜೋಳ ಬಿತ್ತಿದ ದಿನಗಳಲ್ಲಿ, ದೊಡ್ಡ ಸಾಹೇಬನೊಬ್ಬ ವಿಮಾನದಲ್ಲಿ ಬಂದು ಬಯಲು ನೋಡುತ್ತಾನೆಂದು ಸುದ್ದಿ ಬಂತು. ಊರಿನ ಹಿರಿಯರಿಗೆ ಸಂಭ್ರಮದಲ್ಲಿ ನೆಲ ಕಾಣಲಿಲ್ಲ. ಬಯಲಿಗೂ ಊರಿಗೂ ನಡುವೆ ಗೌಡರ ಎರೆಹೊಲ. ಹೊಲದ ಈಚೆಗೆ ಹಂದರ ಹಾಕಿಸಿದರು, ತೆಂಗಿನ ಗರಿ ಕಟ್ಟಿಸಿದರು. ಸಾಹೇಬ ಬಯಲಲ್ಲಿ ಇಳಿದು ಹಂದರಕ್ಕೆ ಬರಬೇಕೆಂದರೆ ಹೊಲ ದಾಟಬೇಕು. ಮಳೆ ಕುಡಿದ ಎರೆಮಣ್ಣು ಬೂಟಿಗೆ ಮೆತ್ತಿಕೊಂಡರೆ ಬಿಡುವುದುಂಟೆ? ನಡೆಮಡಿ ಹಾಸಬೇಕೆಂದು ಗೌಡರು ಅಕ್ಕನನ್ನು ಕರೆಸಿದರು. ನಡೆಮಡಿಗೆಂದು ಮಾವನವರ ಧೋತರವನ್ನೂ ಕೇಳಿದ್ದರಿಂದ, ಅದನ್ನು ಕೊಡಲು ನಾನೂ ಅಲ್ಲಿಗೆ ಹೋಗಿದ್ದೆ.

"ಅವ್ರು ಇಳದು ನಡಿಯಾಕ ಹತ್ತಿದ ಮ್ಯಾಲೆ ಹಾಸ್ಕೋತ ಬರ್ತೇನ್ರಿ ಗೌಡ್ರ. ಪದ್ಧತಿ ಹಂಗಽ ಐತಿ," ಎಂದಳು ಅಕ್ಕ.

"ಅದೆಲ್ಲಾ ನೆಲದ ಮ್ಯಾಲೆ ಬರೂ ಮಂದಿಗವ್ವಾ. ಇವ ಮ್ಯಾಲಿಂದ ಬರಾಕತ್ತಾನು. ಊರಾಗಿನ ಧೋತರಾ ಎಲ್ಲಾ ಕೂಡಸಿ ಹೊಲದ ಉದ್ದಕ್ಕೂ ಒಮ್ಮೆಲೇ ಹಾಸಿಬಿಡು. ಮ್ಯಾಲಿಂದಽ ಕಾಣಬೇಕು ನಮ್ಮೂರ ಮರ್ಯಾದಿ," ಎಂದರು ಗೌಡರು.

ಅಕ್ಕ ಮನೆಮನೆಯಿಂದ ಧೋತರ ತಂದು ಉಬ್ಬೆಗೆ ಹಾಕಿದಳು. ಹಳ್ಳದಲ್ಲಿ ಎತ್ತಿ ಒಗೆದು, ನೀಲಿ ಹಾಕಿ, ಗಂಜಿ ಕೊಟ್ಟು ಒಣಹಾಕಿದಾಗ ಅವು ಕಣ್ಣು ಕುಕ್ಕುತ್ತಿದ್ದವು. "ನನ ಮಗಾ ಇದ್ದಿದ್ರ ಇವತ್ತ ಅವನಽ ಹಾಸತಿದ್ದ ನೋಡ್ರಿ," ಎಂದು ಹತ್ತು ಸಲ ಹೇಳಿದಳು.

ಆ ದಿನ ಹೊಲದ ಬದುವಿನ ಮೇಲೆಲ್ಲ ಜನ. ಹವಾಲ್ದಾರ ಬಯಲಿನ ಆ ತುದಿಯಲ್ಲಿ ಹೊಗೆ ಎಬ್ಬಿಸುತ್ತಿದ್ದ. ಬಟ್ಟೆ ಮಾಸಬಾರದೆಂದು ಅಕ್ಕ ಕಾದಿದ್ದು, ಮೇಲೆ ಗುಂಯ್ ಎಂಬ ಸದ್ದು ಕೇಳಿದ ಮೇಲೆಯೇ ಹಾಸಲು ತೊಡಗಿದಳು. ನಾವು ಹೆಂಗಸರೂ ಕೈ ಹಚ್ಚಿದೆವು. ಕರಿಯ ಹೊಲದ ನಡುವೆ ಉದ್ದಕ್ಕೆ ಬೈತಲೆ ತೆಗೆದಂತೆ ಆ ಬಿಳುಪು... ನಮಗೇ ಹೆಮ್ಮೆಯಾಯಿತು. ಹವಾಲ್ದಾರನ ಪಟ್ಟಿಯೂ ಬಯಲ ಮೇಲೆ ಇತ್ತು. ಮಳೆಗಾಲವೆಲ್ಲ ಅಲ್ಲೇ ಬಿದ್ದು ಅದು ಗರಸಿನ ಬಣ್ಣಕ್ಕೇ ತಿರುಗಿತ್ತು.

ವಿಮಾನ ಸಣ್ಣದು. ಒಂದು ಸುತ್ತು ಹಾಕಿತು, ಮತ್ತೊಂದು ಸುತ್ತು ಹಾಕಿತು. ನಮ್ಮನ್ನು ನೋಡಿ ಖುಷಿಪಡುತ್ತಿದ್ದಾರೆಂದು ನಾವು ತಿಳಿದೆವು. ಎರಡನೆಯ ಸುತ್ತಿಗೆ ಹವಾಲ್ದಾರ ನಮ್ಮ ನಡೆಮಡಿಯನ್ನು ಕಂಡಿರಬೇಕು. ಕೆಂಪು ಬಾವುಟ ಬೀಸುತ್ತ, ಕೂಗುತ್ತ, ಬಯಲ ತುಂಬ ಓಡಿ ಬಂದ. ಸಾಹೇಬರನ್ನು ಹೀಗೆ ಬರಮಾಡಿಕೊಳ್ಳಬೇಕೆಂದು ಜನ ತಿಳಿದು, ಗಂಡಸರೆಲ್ಲ ತಲೆಯ ಕೆಂಪು ರುಮಾಲು ಬಿಚ್ಚಿ ಬೀಸತೊಡಗಿದರು. ಅಷ್ಟು ಕೆಂಪಿನ ನಡುವೆ ಅವನದೊಂದು ಬಾವುಟ ಯಾರಿಗೆ ಕಂಡೀತು?

ವಿಮಾನ ನಡೆಮಡಿಯ ಪಕ್ಕಕ್ಕೇ, ಅದಕ್ಕೆ ಸರಿಯಾಗಿ, ಎರೆಹೊಲದಲ್ಲಿ ಇಳಿಯಿತು. ಗಾಲಿ ಮಣ್ಣಿಗೆ ಸೋಕಿದ್ದಷ್ಟೇ ಗೊತ್ತು... ಮೂಗು ಹೂತು, ಬಾಲ ಮೇಲೆದ್ದು, ಮಗುಚಿ ಬಿತ್ತು.

ಸಾಹೇಬನ ಕೈ ಮುರಿದಿತ್ತು, ಜೀವ ಉಳಿಯಿತು. ನಡೆಸುತ್ತಿದ್ದವನು ಬಿಳಿಯ ಹುಡುಗ. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಹೊರಗೆ ಎಳೆದು ಮಲಗಿಸಿದಾಗ ಉಸಿರಿತ್ತು, ಶಿಗ್ಗಾಂವಿಗೆ ಒಯ್ಯಲು ಚಕ್ಕಡಿ ಹೂಡುವಷ್ಟರಲ್ಲಿ ಇರಲಿಲ್ಲ. ಮುಚ್ಚಲು ಬಟ್ಟೆ ಬೇಕೆಂದರು. ಯಾರೂ ಅಲುಗಲಿಲ್ಲ. ಅಕ್ಕ ಹೋಗಿ ನಡೆಮಡಿಯಿಂದ ಒಂದು ಧೋತರ ಎತ್ತಿ ತಂದು ಅವನಿಗೆ ಹೊದಿಸಿದಳು. ಅದು ನಮ್ಮ ಮಾವನವರದು. ಅತ್ತೆಯವರು ಸಹ ಮಡಿಯ ಮಾತು ಎತ್ತಲಿಲ್ಲ.

ಹವಾಲ್ದಾರ ನೆಲದ ಮೇಲೆ ಕುಸಿದು ಕೂತು, ಹರಕು ಮುರುಕು ಕನ್ನಡದಲ್ಲಿ ಬಿಳಿ ಬಟ್ಟೆ ಎಂದರೆ ಏನು ಎಂದು ಹೇಳಿದ್ದು ಆಗ. ಅಕ್ಕ ಎದುರಿಗೇ ನಿಂತು ಕೇಳಿದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ವಿಚಾರಣೆಗೆ ಅಧಿಕಾರಿಗಳು ಬಂದರು. ಮರ್ಯಾದೆ ಮೇಲಿಂದ ಕಾಣಬೇಕೆಂದಿದ್ದ ಗೌಡರು ಈಗ ತಮಗೇನೂ ಗೊತ್ತಿಲ್ಲ, ಮಡಿವಾಳರು ತಮ್ಮ ಪದ್ಧತಿಯಂತೆ ಏನೋ ಮಾಡಿಕೊಂಡಿದ್ದಾರೆ ಎಂದುಬಿಟ್ಟರು. ಹಾಸು ಎಂದು ಹೇಳಿದವರು ಯಾರು ಎಂದು ಕೇಳಿದಾಗ ಅಕ್ಕ, "ನಾನಽ ಹಾಸೇನಿರಿ," ಎಂದಳು, ಅಷ್ಟೇ. ಅವಳಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಹವಾಲ್ದಾರನನ್ನು ಕೆಲಸದಿಂದ ತೆಗೆದರು. ಅವನು ಯಾರಿಗೂ ಹೇಳದೆ ಊರು ಬಿಟ್ಟ.

"ಗೌಡರ ಹೆಸರು ಯಾಕ ಹೇಳಲಿಲ್ಲ, ಅಕ್ಕಾ?" ಎಂದು ನಾನು ಸಿಟ್ಟಿನಿಂದ ಕೇಳಿದೆ.

"ಹೇಳಿದ ಬಾಯಿ ಯಾರದಾರ ಇರ್ಲಿ, ಹಾಸಿದ ಕೈ ನಂದಽ ಅಲ್ಲೇನ್ರಿ ಬಾಯಾರ? ಆ ಕೂಸು ಎರಡು ಸುತ್ತು ಹಾಕಿ ಕೇಳ್ತು, ಬರ್ಲ್ಯಾ ಬರ್ಲ್ಯಾ ಅಂತ. ನನ್ನ ಅರಿವಿ ಬಾ ಅಂತು," ಎಂದಳು. "ಯಾರೋ ಹಡದ ಮಗನ್ನ ಕರದು ಕೊಂದೇನಿ. ಇನ್ನ ನನ್ನ ಮಗಾ ಹೆಂಗ ಉಳದು ಬಂದಾನು?" ಎಂದಳು.

ನಾನು ಏನೇನೋ ಸಮಾಧಾನ ಹೇಳಿದೆ. ಮಾವನವರಿಂದಲೂ ಹೇಳಿಸಿದೆ. ಯಾವುದೂ ನಾಟಲಿಲ್ಲ. ನಡೆಮಡಿಯ ಹಕ್ಕನ್ನು ದಾಯಾದಿಗಳಿಗೆ ಬಿಟ್ಟುಕೊಟ್ಟಳು. ಅಂದಿನಿಂದ ಅವಳ ಬಾಯಲ್ಲಿ ಬಾ ಎಂಬ ಮಾತು ನಿಂತುಹೋಯಿತು. ಅಂಗಳದ ಮುಂದೆ ಹಾದವರನ್ನು ನೋಡಿ ತಲೆ ತಗ್ಗಿಸುವಳು. ಹೋದವರಿಗೆ ಮಣೆ ಕೊಡುವಳು, ಮಜ್ಜಿಗೆ ಕೊಡುವಳು, ಕರೆಯುತ್ತಿರಲಿಲ್ಲ. ಕತ್ತೆಯನ್ನು ಹಗ್ಗ ಹಿಡಿದು ಎಳೆದು ತರುವಳು. ಸೊಕ್ಕು ಬಂದಿದೆ ಎಂದರು ಕೆಲವರು. ತಾನು ಕರೆದವರು ಉಳಿಯುವುದಿಲ್ಲವೆಂದು ಅವಳು ನಂಬಿದ್ದಳು. ಅದನ್ನು ನನ್ನೊಬ್ಬಳ ಹತ್ತಿರ ಹೇಳಿ, ಯಾರಿಗೂ ಆಡಬೇಡಿರೆಂದು ಆಣೆ ಹಾಕಿಸಿಕೊಂಡಿದ್ದಳು.

ಯುದ್ಧ ಮುಗಿಯಿತು. ಮಗ ಬಂದ. ಆಗ ನಾನು ಬಾಣಂತನಕ್ಕೆ ತಿಳವಳ್ಳಿಗೆ ಹೋಗಿದ್ದೆ. ತಿರುಗಿ ಬಂದಾಗ ಓಣಿಯ ಹೆಂಗಸರು ಹೇಳಿದರು. ಹುಡುಗ ತಗಡಿನ ಟ್ರಂಕು ಹೊತ್ತುಕೊಂಡು ಅಂಗಳಕ್ಕೆ ಬಂದು ನಿಂತನಂತೆ. ಅಕ್ಕ ಚರಿಗೆಯ ನೀರು ನಿವಾಳಿಸಿ ಚೆಲ್ಲಿದಳಂತೆ. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು ನಿಂತಳಂತೆ. ಬಾ ಎನ್ನಲಿಲ್ಲವಂತೆ. ಹುಡುಗ ಬಹಳ ಹೊತ್ತು ನಿಂತು ನೋಡಿ, ತಾಯಿಯ ಕಾಲು ಮುಟ್ಟಿ, ಟ್ರಂಕು ಎತ್ತಿಕೊಂಡು ಹಿರೇಕೆರೂರಿನ ಸೋದರಮಾವನ ಮನೆಗೆ ಹೋಗಿಬಿಟ್ಟ. ಎಂಥ ಕಲ್ಲು ಎದೆಯವಳು ಎಂದು ಊರೆಲ್ಲ ಆಡಿಕೊಂಡಿತು.

ನಾನು ಕೂಸನ್ನು ಎತ್ತಿಕೊಂಡೇ ಅವಳ ಮನೆಗೆ ಓಡಿದೆ.

"ಬಾಗಲಾ ತಗದಽ ಇಟ್ಟಿದ್ನಿರಿ. ಒಳಗ ಬರ್ತಾನು ಅಂತ ಸರದು ನಿಂತ್ನಿ," ಎಂದಳು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಕರದು ಅವನ್ನೂ ಕಳಕೊಳ್ಳಲೇನ್ರಿ?"

ನಮ್ಮವರನ್ನು ಹಿರೇಕೆರೂರಿಗೆ ಕಳಿಸಿ ಕರೆಸುತ್ತೇನೆ ಎಂದೆ. "ಬ್ಯಾಡ್ರಿ ಬಾಯಾರ! ನಿಮ್ಮ ಬಾಯಿಲೆ ಕರಸಿದ್ರೂ ಕರದಾಕಿ ನಾನಽ ಆಕ್ಕೇನಿ. ಜೀವಂತ ಅದಾನಲ್ಲ, ಸಾಕು. ತಾನಾಗಿ ಬರ್ಲಿ," ಎಂದು ನನ್ನ ಕೈ ಹಿಡಿದುಕೊಂಡಳು. ಅಂದಿನಿಂದ ಅವಳ ಮನೆಯ ಬಾಗಿಲು ಮುಚ್ಚಿದ್ದನ್ನು ನಾನು ನೋಡಲಿಲ್ಲ. ಕೋಳಿ ಒಳಗೆ ಹೋಗುತ್ತಿದ್ದವು, ನಾಯಿ ಒಳಗೆ ಹೋಗುತ್ತಿದ್ದವು. ಮಗ ಬರಲಿಲ್ಲ. ಸ್ವಲ್ಪ ಕಾಲದಲ್ಲೇ ನಮ್ಮವರಿಗೆ ವರ್ಗವಾಗಿ ನಾವು ಊರು ಬಿಟ್ಟೆವು. ಅಕ್ಕ ತೀರಿಕೊಂಡ ಸುದ್ದಿ ಯಾರದೋ ಬಾಯಿಂದ, ಬಹಳ ತಡವಾಗಿ ತಿಳಿಯಿತು...

ಈಗ ಆ ಮನೆ ಇಲ್ಲ. ಬಯಲನ್ನೂ ಉತ್ತು ಗೋವಿನಜೋಳ ಬಿತ್ತುತ್ತಾರಂತೆ. ಹೋದ ಮಾಘದಲ್ಲಿ ಹಿರೇಕೆರೂರಿಗೆ ಒಂದು ಮದುವೆಗೆ ಹೋಗಿದ್ದೆ. ನಾನು ಇಂಥ ಊರಿನ ಮಾಸ್ತರರ ಹೆಂಡತಿ ಎಂದು ಯಾರೋ ಹೇಳಿದ್ದನ್ನು ಕೇಳಿ, ಕೋಲು ಊರಿಕೊಂಡು ಒಬ್ಬ ಮುದುಕ ಬಂದು ಎದುರಿಗೆ ಕೂತ. ಅಕ್ಕನ ಮಗ. ಗಲ್ಲ, ಹುಬ್ಬು ಎಲ್ಲ ಅವಳದೇ.

"ನೀವು ಅವ್ವನ ಕೂಡ ಭಾಳ ಹತ್ರ ಇದ್ರಂತ. ಒಂದು ಕೇಳ್ಲೇನ್ರಿ? ಆಕಿ ನನ್ನ ಒಳಗ ಯಾಕ ಕರೀಲಿಲ್ಲ?" ಎಂದ. "ಪಲ್ಟನ್ನಿಗೆ ಹೊಂಟಾಗ ಸಿಟ್ಟಿನಾಗ ಅಂದಿದ್ಲು, ನಾ ಕರಿಯೂತನಕಾ ನನ್ನ ಹೊಸ್ತಿಲಾ ತುಳಿಬ್ಯಾಡ ಅಂತ. ಕರೀತಾಳು ಅಂತ ಅಂಗಳದಾಗ ನಿಂತ್ನಿ. ಆಕಿ ಬಾಜೂಕ ಸರದ್ಲು. ಹೋಗು ಅಂದ್ಲು ಅಂತ ತಿಳಕೊಂಡ್ನಿ."

ಈ ಮಾತು ನನಗೆ ಗೊತ್ತಿರಲಿಲ್ಲ. ಅಕ್ಕನಿಗೂ ನೆನಪಿರಲಿಕ್ಕಿಲ್ಲ. ಸಿಟ್ಟಿನಲ್ಲಿ ಆಡಿದ್ದನ್ನು ಯಾವ ತಾಯಿ ನೆನಪಿಟ್ಟುಕೊಂಡಾಳು? ಸತ್ತವಳ ಆಣೆಗೆ ಇನ್ನು ಯಾವ ಬೆಲೆ ಎಂದುಕೊಂಡು, ಹೊಲ, ನಡೆಮಡಿ, ಆ ಬಿಳಿಯ ಹುಡುಗ, ಮುಚ್ಚದ ಬಾಗಿಲು, ಎಲ್ಲವನ್ನೂ ಅವನಿಗೆ ಹೇಳಿದೆ. ಅವನು ಕೋಲಿನ ಮೇಲೆ ಗದ್ದ ಇಟ್ಟು ಕೇಳಿದ.

"ಹಂಗಾದ್ರ ಬಾಗಲಾ ನನಗಂತಽ ತಗದಿಟ್ಟಿದ್ಲೇನ್ರಿ?"

"ನಿನಗಂತಽ ಅಪ್ಪಾ."

"ಹೆಣಾ ಹೊರಾಕ ಹೋದಾಗೂ ತಗದಽ ಇತ್ರಿ," ಎಂದ ಅವನು. "ಯಾರೋ ಮರತು ಬಿಟ್ಟಾರ ಅಂತ, ಮಣ್ಣು ಮುಗಿಸಿ ಬಂದು ನಾನಽ ಅಗಳಿ ಹಾಕಿದ್ನಿರಿ, ಬಾಯಾರ."

ಮಂದಿಯೆಲ್ಲ ಊಟದ ಪಂಕ್ತಿಗೆ ಎದ್ದು ಹೋಗಿದ್ದರು. ನಾವಿಬ್ಬರು ಮುದುಕರು ಮದುವೆಯ ಹಂದರದಲ್ಲಿ ಕೂತು ಅತ್ತೆವು.